ಜೋಡಿಯಾಟದ ಕರ್ಮಫಲ

ಟೆನಿಸ್ ಡಬಲ್ಸ್‌ನಲ್ಲಿ ಗೆದ್ದ ಜೋಡಿಗೆ ಎರಡು ಬಗೆಯ ಫಲ ಸಿಗುತ್ತದೆ. ಎರಡರ ಲೆಕ್ಕವೂ ಬೇರೆ. ಬಹುಮಾನದ ಹಣ ಜೋಡಿಗೆ ಸೇರಿದ್ದು, ಅದು ಎರಡು ಪಾಲಾಗುತ್ತದೆ. ರ‍್ಯಾಂಕಿಂಗ್ ಅಂಕ ಪಾಲಾಗುವುದಿಲ್ಲ. 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ ಮತ್ತು ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಸೇರಿ ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವವಸ್ಸೋರಿ ಜೋಡಿಯನ್ನು 7-6, 7-5ರಿಂದ ಸೋಲಿಸಿದರು. ಆಸ್ಟ್ರೇಲಿಯನ್ ಓಪನ್‌ನ ಆ ಪ್ರಶಸ್ತಿಗೆ ಜೋಡಿಗೆ ಸಂದ ಹಣ 7,30,000 ಆಸ್ಟ್ರೇಲಿಯನ್ ಡಾಲರ್. ಅಂದರೆ ತಲಾ 3,65,000. ಸಂದ ಅಂಕ 2,000. ಅದು ತಲಾ 2,000. ಒಂದೇ ಗೆಲುವು ಹಣವಾಗಿ ಬಂದಾಗ ಅರ್ಧವಾಯಿತು, ಅಂಕವಾಗಿ ಬಂದಾಗ ಇಬ್ಬರಿಗೂ ಇಡಿಯಾಗಿ ಸಿಕ್ಕಿತು.

ಇದನ್ನು ಕ್ರೀಡಾಸಂಸ್ಥೆಗಳ ಅನುಕೂಲಕ್ಕೆ ಮಾಡಿಕೊಂಡ ವ್ಯವಸ್ಥೆಯೆಂದು ಬಿಟ್ಟುಬಿಡಬಹುದು. ಆದರೆ ಇದರ ಹಿಂದಿರುವ ಪ್ರಶ್ನೆ ಹಳೆಯದು: ಇಬ್ಬರು ಕೂಡಿ ಮಾಡಿದ ಕರ್ಮಕ್ಕೆ ಕರ್ತೃ ಯಾರು, ಅದರ ಫಲ ಯಾರಿಗೆ ಎಷ್ಟು? ಗುತ್ತಲು, ಮದ್ದೂರು, ಮಳವಳ್ಳಿ ಸೀಮೆಯ ಬೇಸಾಯದಲ್ಲಿ ಈ ಪ್ರಶ್ನೆಗೆ ಒಂದಲ್ಲ, ಹಲವು ಉತ್ತರಗಳು ಬಳಕೆಯಲ್ಲಿವೆ. ವಾರಕ್ಕೆ ಕೊಟ್ಟ ಗದ್ದೆಯ ಭತ್ತ ಕಣದಲ್ಲೇ ಪಾಲಾಗುತ್ತದೆ. ಮುಯ್ಯಾಳಿನ ನಾಟಿಯಲ್ಲಿ ಪಾಲೆಂಬುದೇ ಇಲ್ಲ. ಇವತ್ತು ನಿನ್ನ ಗದ್ದೆ, ನಾಳೆ ನನ್ನ ಗದ್ದೆ, ಇಡೀ ಬೆಳೆ ಅವರವರದು. ಜೋಡೆತ್ತಿನ ಗಾಡಿ ಓಟದಲ್ಲಿ ಗೆದ್ದ ಎತ್ತುಗಳಿಗೆ ಬಹುಮಾನದಲ್ಲಿ ಪಾಲೇ ಇಲ್ಲ, ಅದು ಒಡೆಯನದು. ಹೆಸರು ಮಾತ್ರ ಎರಡು ಎತ್ತಿಗೂ ಪೂರ್ತಿ. 2019ರ ಲೋಕಸಭಾ ಚುನಾವಣೆಯಲ್ಲಿ, ಪ್ರಚಾರಕ್ಕಿಳಿದ ಇಬ್ಬರು ಸಿನಿಮಾ ನಟರಿಗೆ ಅಂಟಿದ ‘ಜೋಡೆತ್ತು’ ಎಂಬ ಮಾತು ಮಂಡ್ಯದ ಮೂಲೆಮೂಲೆಯಲ್ಲಿ ಓಡಾಡಿದಾಗಲೂ ಫಲ ದಕ್ಕಿದ್ದು ಎಳೆದವರಿಗಲ್ಲ, ಗಾಡಿಯಲ್ಲಿ ಕೂತವರಿಗೆ. ಭಾರತದ ದರ್ಶನಗಳೂ ಧರ್ಮಶಾಸ್ತ್ರಗಳೂ ಇದೇ ಪ್ರಶ್ನೆಯನ್ನು ಯಜ್ಞ, ವ್ಯಾಪಾರ, ಹಿಂಸೆ, ದೈವ ಎಂಬ ಬೇರೆ ಬೇರೆ ಸಂದರ್ಭಗಳಲ್ಲಿ ಎತ್ತಿಕೊಂಡಿವೆ. ಡಬಲ್ಸ್ ಪಂದ್ಯ ಆ ಸಂದರ್ಭಗಳನ್ನೆಲ್ಲ ಒಂದೂವರೆ ಎರಡು ಗಂಟೆಯೊಳಗೆ ಒಂದೇ ಅಂಗಳದಲ್ಲಿ ತಂದಿಡುತ್ತದೆ.

ಮೊದಲು ‘ಜೋಡಿ’ ಎಂದರೆ ಏನೆಂದು ನೋಡಬೇಕು. ಸಿಂಗಲ್ಸ್ ಆಟದ ಅಂಗಳದ ಅಗಲ 27 ಅಡಿ, ಡಬಲ್ಸ್‌ನದು 36. ಎರಡೂ ಬದಿಯಲ್ಲಿ ನಾಲ್ಕೂವರೆ ಅಡಿಯ ಪಟ್ಟಿಯೊಂದು ಹೆಚ್ಚಿಗೆ ಸೇರುತ್ತದೆ. ಒಬ್ಬೊಬ್ಬರೇ ಆಡುವಾಗ ಈ ಪಟ್ಟಿಗಳು ಅಲ್ಲೇ ಇದ್ದರೂ ಲೆಕ್ಕಕ್ಕಿಲ್ಲ, ಚೆಂಡು ಅಲ್ಲಿ ಬಿದ್ದರೆ ಹೊರಗೆ. ಇಬ್ಬಿಬ್ಬರು ನಿಂತ ಕೂಡಲೇ ಅದೇ ಮಣ್ಣು ಒಳಗಾಗುತ್ತದೆ. ಇಬ್ಬರಾದರೆ ಅಂಗಳ ಇಮ್ಮಡಿಯಾಗುವುದಿಲ್ಲ, ಮೂರರಲ್ಲೊಂದು ಪಾಲು ಹಿಗ್ಗುತ್ತದೆ ಅಷ್ಟೆ; ಹಾಗಾಗಿ ಒಬ್ಬೊಬ್ಬನಿಗೆ ಬರುವ ನೆಲ ಸಿಂಗಲ್ಸ್‌ಗಿಂತ ಕಡಿಮೆ, ಇನ್ನೊಬ್ಬನೊಡನೆ ಹಂಚಿಕೊಳ್ಳಬೇಕಾದ ನೆಲವೇ ಹೆಚ್ಚು.

ನಿಯಮಗಳು ಈ ಇಬ್ಬರನ್ನು ಒಮ್ಮೆ ಒಬ್ಬರೆಂದು, ಒಮ್ಮೆ ಇಬ್ಬರೆಂದು ಕಾಣುತ್ತವೆ. ಸರ್ವ್ ಮಾಡುವ ಸರದಿ ಸೆಟ್ ಮುಗಿಯುವವರೆಗೆ ಬದಲಾಗುವಂತಿಲ್ಲ. ಎದುರಾಳಿಯ ಸರ್ವ್ ಎದುರಿಸಲು ಎಡಕ್ಕೆ ಯಾರು ಬಲಕ್ಕೆ ಯಾರು ಎಂಬುದೂ ಹಾಗೆಯೇ. ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಕಟ್ಟಿದರೆ ಗಾಡಿ ಸರಿಯಾಗಿ ಸಾಗದೆಂದು ಬಲ್ಲ ರೈತನಿಗೆ ಈ ಕಟ್ಟಳೆಯನ್ನು ವಿವರಿಸಬೇಕಾಗಿಲ್ಲ. ಸರ್ವ್ ಮಾಡಿದ ಚೆಂಡು ನೆಟ್ ಹತ್ತಿರ ನಿಂತ ತನ್ನದೇ ಜೊತೆಗಾರನಿಗೆ ತಗುಲಿದರೆ ಸರ್ವ್ ತಪ್ಪಾಯಿತು. ಒಬ್ಬ ನೆಟ್ ಮುಟ್ಟಿದರೆ ಪಾಯಿಂಟ್ ಹೋಗುವುದು ಇಬ್ಬರದ್ದೂ. ಇಲ್ಲೆಲ್ಲ ಜೋಡಿ ಒಂದೇ ದೇಹ. ಆದರೆ ಇನ್ನೊಂದು ನಿಯಮವಿದೆ: ಬಂದ ಚೆಂಡನ್ನು ಹಿಂದಿರುಗಿಸುವಾಗ ಇಬ್ಬರೂ ಮುಟ್ಟುವಂತಿಲ್ಲ. ಒಬ್ಬನ ರ‍್ಯಾಕೆಟ್‌ಗೆ ತಾಗಿದ್ದು ಇನ್ನೊಬ್ಬನದಕ್ಕೂ ತಾಗಿ ಆಚೆ ಹೋದರೆ ಆ ಪಾಯಿಂಟ್ ಕಳೆದಂತೆ. ಅಂದರೆ ಹೊಡೆತ ಯಾವತ್ತೂ ಒಬ್ಬನದೇ ಆಗಿರಬೇಕು. ಅದರ ಫಲ ಯಾವತ್ತೂ ಒಬ್ಬನದಾಗುವಂತಿಲ್ಲ. ಡಬಲ್ಸ್‌ನ ತಾತ್ತ್ವಿಕ ಸ್ವಾರಸ್ಯವೆಲ್ಲ ಈ ಒಂದು ಗಂಟಿನಲ್ಲಿದೆ.

ವೈಶೇಷಿಕರು ‘ಎರಡು’ ಎಂಬ ಸಂಖ್ಯೆಯ ಬಗ್ಗೆ ಇಂಥದ್ದೇ ತೊಡಕನ್ನು ಬಿಡಿಸಲು ಯತ್ನಿಸಿದರು. ಎರಡು ಮಾವಿನಹಣ್ಣು ಇವೆಯೆನ್ನುವಾಗ ಎರಡುತನ ಎಲ್ಲಿದೆ? ಈ ಹಣ್ಣಿನಲ್ಲಿಲ್ಲ, ಇದು ಒಂದೇ. ಆ ಹಣ್ಣಿನಲ್ಲೂ ಇಲ್ಲ. ಎರಡನ್ನೂ ಸೇರಿಸಿ ವ್ಯಾಪಿಸಿರುವ ಗುಣ ಅದು, ಒಂದೊಂದರಲ್ಲಿ ಬಿಡಿಯಾಗಿ ಸಿಗದು. ಇಂಥ ಗುಣವನ್ನು ಅವರು ವ್ಯಾಸಜ್ಯವೃತ್ತಿ ಎಂದು ಕರೆದರು. ಅದು ಹುಟ್ಟುವುದು ‘ಇದೊಂದು, ಅದೊಂದು’ ಎಂದು ಕೂಡಿಸಿ ನೋಡುವ ಬುದ್ಧಿಯಿಂದ, ಅವರ ಮಾತಿನಲ್ಲಿ ಅಪೇಕ್ಷಾಬುದ್ಧಿಯಿಂದ. ಆ ಬುದ್ಧಿ ಅಳಿದರೆ ಎರಡುತನವೂ ಅಳಿಯುತ್ತದೆ, ಹಣ್ಣುಗಳು ಮಾತ್ರ ಹಾಗೆಯೇ ಇರುತ್ತವೆ. ಪ್ರಶಸ್ತಪಾದ ತನ್ನ ಭಾಷ್ಯದಲ್ಲಿ ಎರಡುತನದ ಹುಟ್ಟು–ಸಾವುಗಳನ್ನು ಕ್ಷಣಕ್ಷಣವಾಗಿ ಬಿಡಿಸಿಟ್ಟಿದ್ದಾನೆ. ಎಣಿಕೆಯ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಓದುಗರಿಗೆ ಅನ್ನಿಸುವುದು ಸಹಜ. ಡಬಲ್ಸ್ ಗೆಲುವನ್ನು ಎದುರಿಗಿಟ್ಟುಕೊಂಡರೆ ಆ ಚರ್ಚೆ ಅಷ್ಟು ಒಣಗಿದ್ದಾಗಿ ಕಾಣುವುದಿಲ್ಲ. ‘ಬೋಪಣ್ಣ ಗೆದ್ದ’ ಎಂಬುದು ಪೂರ್ಣ ನಿಜವಲ್ಲ, ‘ಎಬ್ಡೆನ್ ಗೆದ್ದ’ ಎಂಬುದೂ ಅಲ್ಲ. ಗೆಲುವು ಇಬ್ಬರನ್ನೂ ವ್ಯಾಪಿಸಿದೆ, ಒಬ್ಬನನ್ನು ತೆಗೆದರೆ ಅರ್ಧ ಗೆಲುವು ಉಳಿಯುವುದಿಲ್ಲ, ಗೆಲುವೇ ಉಳಿಯುವುದಿಲ್ಲ.

ಹಾಗಾದರೆ ಹಣ ಅರ್ಧವಾಗುವುದು ಹೇಗೆ? ಇದಕ್ಕೆ ಧರ್ಮಶಾಸ್ತ್ರದಲ್ಲಿ ಸಂಭೂಯಸಮುತ್ಥಾನ ಎಂಬ ಪ್ರಕರಣವೇ ಇದೆ. ಹಲವರು ಕೂಡಿ ನಡೆಸುವ ವ್ಯವಹಾರ ಎಂದರ್ಥ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಕೂಡಿ ವ್ಯಾಪಾರ ಮಾಡುವವರು ಲಾಭನಷ್ಟಗಳನ್ನು ಹಾಕಿದ ಬಂಡವಾಳಕ್ಕೆ ತಕ್ಕಂತೆ ಅಥವಾ ಮೊದಲೇ ಆದ ಒಪ್ಪಂದದಂತೆ ಹಂಚಿಕೊಳ್ಳಬೇಕೆಂಬುದು ಅಲ್ಲಿಯ ಕಟ್ಟಳೆ. ಅದರ ಮುಂದಿನ ಭಾಗ ಇನ್ನೂ ಕಟುವಾಗಿದೆ. ಬೇಡವೆಂದದ್ದನ್ನು ಮಾಡಿಯೋ, ಯಾರೂ ಹೇಳದ್ದನ್ನು ಮಾಡಿಯೋ, ಅಜಾಗರೂಕತೆಯಿಂದಲೋ ಸರಕು ಕೆಡಿಸಿದವನು ತಾನೇ ಅದನ್ನು ತುಂಬಿಕೊಡಬೇಕು. ಆಪತ್ತಿನಲ್ಲಿ ಸರಕನ್ನು ಕಾಪಾಡಿದವನಿಗೆ ಹತ್ತನೆಯ ಒಂದು ಪಾಲು ಹೆಚ್ಚಿಗೆ. ಟೆನಿಸ್ ಈ ಎರಡನೆಯ ಭಾಗವನ್ನು ಒಪ್ಪಿಕೊಂಡಿಲ್ಲ. ಮೂರು ಡಬಲ್ ಫಾಲ್ಟ್ ಮಾಡಿದವನ ಪಾಲಿನಿಂದ ಯಾರೂ ಕಾಸು ಮುರಿಯುವುದಿಲ್ಲ, ಸೋಲುತ್ತಿದ್ದ ಸೆಟ್ಟನ್ನು ಎತ್ತಿ ನಿಲ್ಲಿಸಿದವನಿಗೆ ಹತ್ತನೆಯ ಪಾಲೂ ಬರುವುದಿಲ್ಲ. ವಿಜ್ಞಾನೇಶ್ವರ ಅಂಪೈರ್ ಕುರ್ಚಿಯಲ್ಲಿ ಕೂತಿದ್ದರೆ ಡಬಲ್ಸ್ ಜೋಡಿಗಳು ಒಂದು ಪಂದ್ಯಾವಳಿಗಿಂತ ಹೆಚ್ಚು ಬಾಳುತ್ತಿರಲಿಲ್ಲವೇನೋ.

ಅಂಕದ ವಿಷಯಕ್ಕೆ ಬಂದರೆ ಪೂರ್ವಮೀಮಾಂಸೆಯ ಸತ್ರವಿಚಾರ ನೆನಪಾಗುತ್ತದೆ. ಸಾಮಾನ್ಯ ಯಾಗದಲ್ಲಿ ಯಜಮಾನ ಒಬ್ಬ, ಅವನಿಗಾಗಿ ಕೆಲಸ ಮಾಡುವ ಋತ್ವಿಜರು ಬೇರೆ. ಋತ್ವಿಜರಿಗೆ ದಕ್ಷಿಣೆ, ಯಜಮಾನನಿಗೆ ಫಲ. ಸತ್ರವೆಂಬ ದೀರ್ಘಯಾಗದಲ್ಲಿ ಹಾಗಲ್ಲ. ಕನಿಷ್ಠ 17, ಗರಿಷ್ಠ 24 ಮಂದಿ ಸೇರುತ್ತಾರೆ. ಎಲ್ಲರೂ ಯಜಮಾನರು, ಋತ್ವಿಜರ ಕೆಲಸವನ್ನೂ ಅವರೇ ಹಂಚಿಕೊಂಡು ಮಾಡುತ್ತಾರೆ. ಕೊಡುವವನೂ ಕೊಳ್ಳುವವನೂ ಒಬ್ಬನೇ ಆದ್ದರಿಂದ ದಕ್ಷಿಣೆಗೆ ಅವಕಾಶವೇ ಇಲ್ಲ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಪ್ರಶ್ನೆ ಏಳುತ್ತದೆ: ಇಷ್ಟು ಮಂದಿ ಸೇರಿ ಮಾಡಿದ ಒಂದೇ ಯಾಗದ ಫಲ ಇಷ್ಟು ಮಂದಿಗೆ ಹಂಚಿಹೋಗುತ್ತದೆಯೇ, ಒಬ್ಬೊಬ್ಬನಿಗೂ ಇಡಿಯಾಗಿ ಸಿಗುತ್ತದೆಯೇ? ಹಂಚಿಹೋಗುತ್ತದೆ ಎಂಬುದು ಪೂರ್ವಪಕ್ಷ. ಕರ್ಮ ಒಂದಾದರೆ ಫಲವೂ ಒಂದೇ ತಾನೆ. ಸಿದ್ಧಾಂತ ಅದನ್ನು ತಳ್ಳಿಹಾಕುತ್ತದೆ. ಫಲವನ್ನು ಬಯಸಿದವರಲ್ಲಿ ಯಾರೂ ಅರ್ಧ ಸ್ವರ್ಗವನ್ನು ಬಯಸಿದ್ದಲ್ಲ, ಪ್ರತಿಯೊಬ್ಬನೂ ಇಡೀ ಯಾಗದ ಕರ್ತೃವಾಗಿಯೇ ಸಂಕಲ್ಪ ಮಾಡಿರುತ್ತಾನೆ. ಆದ್ದರಿಂದ ಒಬ್ಬೊಬ್ಬನಿಗೂ ಪೂರ್ತಿ ಫಲ. ವಿಜಯನಗರ ಕಾಲದ ಮಾಧವಾಚಾರ್ಯರ ಜೈಮಿನೀಯ ನ್ಯಾಯಮಾಲೆಯಲ್ಲೂ ಈ ಅಧಿಕರಣ ತನ್ನ ಸ್ಥಾನದಲ್ಲಿ ಬರುತ್ತದೆ.

ಮೀಮಾಂಸಕರು ಇಲ್ಲಿ ಹಿಡಿದ ಸೂಕ್ಷ್ಮವೆಂದರೆ ಹಂಚಿದರೆ ಕಡಿಮೆಯಾಗುವ ವಸ್ತು ಬೇರೆ, ಹಂಚಿದರೂ ಕಡಿಮೆಯಾಗದ ಫಲ ಬೇರೆ ಎಂಬುದು. ಡಾಲರ್ ಮೊದಲನೆಯದು. ‘ಗ್ರ್ಯಾಂಡ್ ಸ್ಲ್ಯಾಮ್ ಗೆದ್ದವನು’ ಎಂಬುದು ಎರಡನೆಯದು; ಅರ್ಧ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದವನು ಎಂದು ಯಾರನ್ನೂ ಕರೆಯಲಾಗದು. ದೇಶಕ್ಕಾಗಿ ಆಡುವ ಡೇವಿಸ್ ಕಪ್‌ನಲ್ಲಿ ಮಾತ್ರ ಲೆಕ್ಕ ಮತ್ತೆ ಸಾಮಾನ್ಯ ಯಾಗದ ಕಡೆಗೆ ಹೊರಳುತ್ತದೆ. 2023ರ ಸೆಪ್ಟೆಂಬರಿನಲ್ಲಿ ಲಖನೌದಲ್ಲಿ ಬೋಪಣ್ಣ ಯೂಕಿ ಭಾಂಬ್ರಿ ಜೊತೆಗೂಡಿ ಮೊರಾಕ್ಕೊ ಜೋಡಿಯನ್ನು ಸೋಲಿಸಿ ತನ್ನ ಡೇವಿಸ್ ಕಪ್ ಆಟ ಮುಗಿಸಿದಾಗ, ಆ ಗೆಲುವಿನ ಒಂದು ಅಂಕ ಇಬ್ಬರಲ್ಲಿ ಯಾರ ಖಾತೆಗೂ ಅಲ್ಲ, ಭಾರತದ ಖಾತೆಗೆ ಸೇರಿತು. ಅಲ್ಲಿ ಆಟಗಾರರು ಋತ್ವಿಜರು, ಯಜಮಾನ ದೇಶ.

ರ‍್ಯಾಂಕಿಂಗ್ ಇನ್ನೊಂದು ಅರ್ಥದಲ್ಲೂ ಕರ್ಮದ ಲೆಕ್ಕವನ್ನು ಹೋಲುತ್ತದೆ. ಅದು ಜೋಡಿಯದ್ದಲ್ಲ, ಒಬ್ಬೊಬ್ಬನದು. ಯಾವ ಯಾವ ಜೊತೆಗಾರನೊಡನೆ ಗಳಿಸಿದ್ದಾದರೂ 52 ವಾರಗಳ ಗಳಿಕೆ ಸಂಚಿತವಾಗಿ ಕೂಡುತ್ತ, ಅವಧಿ ಮುಗಿದಂತೆ ಕಳಚುತ್ತ ಹೋಗುತ್ತದೆ. ಹೀಗಾಗಿ ಒಂದೇ ಮೆಲ್ಬರ್ನ್ ಗೆಲುವು ಇಬ್ಬರನ್ನು ಒಂದೇ ಮೆಟ್ಟಿಲಿಗೆ ಏರಿಸಲಿಲ್ಲ. 43 ವರ್ಷದ ಬೋಪಣ್ಣ ಆ ಪಂದ್ಯಾವಳಿಯ ಬೆನ್ನಲ್ಲೇ ಮೊದಲ ಬಾರಿಗೆ ಡಬಲ್ಸ್‌ನ ವಿಶ್ವದ ಒಂದನೇ ಸ್ಥಾನಕ್ಕೇರಿದರು, ಆ ಸ್ಥಾನಕ್ಕೆ ಮೊದಲ ಸಲ ಬಂದವರಲ್ಲೆಲ್ಲ ಹಿರಿಯರಾಗಿ. ಎಬ್ಡೆನ್ ಆ ಸ್ಥಾನ ತಲುಪಿದ್ದು ಕೆಲವು ವಾರಗಳ ತರುವಾಯ. ಕರ್ಮ ಕೂಡಿ, ಫಲ ಇಡಿಯಾಗಿ, ಸಂಚಿತ ಮಾತ್ರ ಬೇರೆ ಬೇರೆ.

ಗೆಲುವಿನ ಲೆಕ್ಕ ಇಷ್ಟು ಸುಲಭವಾಗಿ ಬಗೆಹರಿಯಿತು. ತಪ್ಪಿನ ಲೆಕ್ಕ ಅಷ್ಟು ಸುಲಭವಲ್ಲ. ಡಬಲ್ಸ್ ಆಡುವವರಿಗೆಲ್ಲ ಗೊತ್ತಿರುವ ಒಂದು ಚೆಂಡಿದೆ, ಇಬ್ಬರ ನಡುವೆ ಬರುವ ಚೆಂಡು. ಎಡದವನು ಅದು ಬಲದವನದೆಂದು ನಿಲ್ಲುತ್ತಾನೆ, ಬಲದವನು ಎಡದವನದೆಂದು ನಿಲ್ಲುತ್ತಾನೆ, ಚೆಂಡು ಇಬ್ಬರ ನಡುವೆ ಹಾದು ಹಿಂದೆ ಬಿದ್ದಿರುತ್ತದೆ. ಇದನ್ನು ತಪ್ಪಿಸಲು ಆಟಗಾರರು ‘ನನ್ನದು’, ‘ನಿನ್ನದು’ ಎಂದು ಕೂಗಿಕೊಳ್ಳುತ್ತಾರೆ. ಮಮಕಾರ ಬಿಡಬೇಕೆಂದು ಬೋಧಿಸುವ ಶಾಸ್ತ್ರಗಳ ನಾಡಿನಲ್ಲಿ ಈ ಅಂಗಳ ಮಾತ್ರ ಬೇರೆ: ಇಲ್ಲಿ ‘ನನ್ನದು’ ಎನ್ನುವುದು ಹೊಣೆ ಹೊರುವ ಮಾತು, ‘ನಿನ್ನದು’ ಎನ್ನುವುದು ನಂಬಿಕೆಯ ಮಾತು. ಯಾಗದಲ್ಲಿ ಆಹುತಿ ಹಾಕುವಾಗ ಹೇಳುವ ‘ನನ್ನದಲ್ಲ’ ಎಂಬ ತ್ಯಾಗದ ಮಾತನ್ನು ಇಬ್ಬರೂ ಒಟ್ಟಿಗೆ ಮನಸ್ಸಿನಲ್ಲೇ ಹೇಳಿಕೊಂಡರೆ ಪಾಯಿಂಟ್ ಹೋಯಿತು.

ಹೀಗೆ ಯಾರೂ ಹೊಡೆಯದ ಚೆಂಡಿನ ಸೋಲಿಗೆ ಕಾರಣವೇನು? ಯಾರೂ ಏನೂ ಮಾಡಲಿಲ್ಲ. ಆದರೂ ಕೆಟ್ಟದ್ದೊಂದು ಆಯಿತು. ಮಾಡಬೇಕಾದ ನಿತ್ಯಕರ್ಮವನ್ನು ಮಾಡದಿದ್ದರೆ ಪ್ರತ್ಯವಾಯ, ಅಂದರೆ ದೋಷ, ಬರುತ್ತದೆಂಬ ನಿಲುವು ಕರ್ಮಮಾರ್ಗದವರದು. ಶಂಕರರು ಒಪ್ಪಲಿಲ್ಲ. ಮಾಡದಿರುವುದು ಎಂದರೆ ಅಭಾವ. ಇಲ್ಲದ್ದರಿಂದ ಇರುವಂಥದ್ದು ಹುಟ್ಟುವುದು ಹೇಗೆಂಬುದು ಅವರ ಆಕ್ಷೇಪ. ನಡುವಿನ ಚೆಂಡಿನ ವಿಷಯದಲ್ಲಿ ಶಂಕರರ ಆಕ್ಷೇಪಕ್ಕೆ ತೂಕವಿದೆ. ದೋಷ ಹುಟ್ಟಿದ್ದು ಹೊಡೆಯದಿದ್ದುದರಿಂದಲ್ಲ, ಎದುರಾಳಿ ಹೊಡೆದದ್ದರಿಂದ. ಇವರ ಅಭಾವ ಅದಕ್ಕೆ ದಾರಿ ಬಿಟ್ಟಿತಷ್ಟೆ. ಆದರೂ ಪಂದ್ಯ ಮುಗಿದ ಮೇಲೆ ಇಬ್ಬರೂ ಆ ಚೆಂಡನ್ನು ನೆನೆದು ತಲೆ ತಗ್ಗಿಸುತ್ತಾರೆ, ಎದುರಾಳಿಯ ಹೊಡೆತವನ್ನು ನೆನೆದಲ್ಲ. ಈ ತಲೆ ತಗ್ಗಿಸುವಿಕೆಯನ್ನು ಶಂಕರರ ತರ್ಕ ಪೂರ್ತಿ ವಿವರಿಸುವುದಿಲ್ಲ.

ಜೈನರು ಹೊಣೆಯ ಬಲೆಯನ್ನು ಹೆಚ್ಚು ಬಿಗಿಯಾಗಿ ಹೆಣೆದಿದ್ದಾರೆ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಗುಡ್ಡದ ಮೇಲೆ ಗಂಗರ ಕಾಲದ ಬಸದಿಗಳ ಅವಶೇಷಗಳಿವೆ. ಈ ಸೀಮೆಗೆ ಜೈನ ವಿಚಾರ ಹೊರಗಿನದಲ್ಲ. ಆ ಮತದಲ್ಲಿ ಒಬ್ಬನ ಕರ್ಮವನ್ನು ಇನ್ನೊಬ್ಬ ಹೊರಲಾರ, ಕಳೆಯಲಾರ. ಪ್ರತಿ ಜೀವವೂ ತನ್ನ ಕರ್ಮವನ್ನು ತಾನೇ ಕಟ್ಟಿಕೊಳ್ಳುತ್ತದೆ. ಹಾಗೆಂದು ಸುಮ್ಮನೆ ನಿಂತವನಿಗೆ ಬಿಡುಗಡೆಯಿಲ್ಲ. ತತ್ತ್ವಾರ್ಥಸೂತ್ರದ ಪ್ರಕಾರ ಕರ್ಮ ಬಂಧಿಸುವುದು ಮೂರು ಬಗೆಯಲ್ಲಿ: ತಾನೇ ಮಾಡಿದ್ದು, ಇನ್ನೊಬ್ಬನಿಂದ ಮಾಡಿಸಿದ್ದು, ಇನ್ನೊಬ್ಬ ಮಾಡಿದ್ದಕ್ಕೆ ಒಪ್ಪಿದ್ದು. ಇದನ್ನು ಮನಸ್ಸು, ಮಾತು, ದೇಹಗಳಿಂದಲೂ, ಯೋಚನೆ, ಸಿದ್ಧತೆ, ಆರಂಭಗಳೆಂಬ ಮೂರು ಹಂತಗಳಿಂದಲೂ, ಕಷಾಯಗಳೆನ್ನುವ ನಾಲ್ಕು ಮನೋವಿಕಾರಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಡಬಲ್ಸ್‌ನಲ್ಲಿ ನೆಟ್ ಬಳಿ ನಿಂತವನು ಬೆನ್ನ ಹಿಂದೆ ಕೈಯಿಟ್ಟು ಬೆರಳಲ್ಲಿ ಸನ್ನೆ ಮಾಡುತ್ತಾನೆ, ಸರ್ವ್ ಎಲ್ಲಿಗೆ ಬೀಳಬೇಕು, ತಾನು ಯಾವ ಕಡೆ ಹಾರುತ್ತೇನೆ ಎಂದು. ಸರ್ವ್ ಮಾಡುವವನು ತಲೆಯಾಡಿಸುತ್ತಾನೆ ಅಥವಾ ಬೇಡವೆನ್ನುತ್ತಾನೆ. ಸನ್ನೆ ಕೊಟ್ಟವನದು ಮಾಡಿಸಿದ್ದು, ಸರ್ವ್ ಮಾಡಿದವನದು ಮಾಡಿದ್ದು, ತಲೆಯಾಡಿಸಿದ್ದು ಒಪ್ಪಿದ್ದು. ಸರ್ವ್ ಹೊರಗೆ ಬಿದ್ದರೆ ಸ್ಕೋರ್ ಪುಸ್ತಕದಲ್ಲಿ ಹೆಸರು ಒಬ್ಬನದೇ ಬರುತ್ತದೆ. ಜೈನ ಲೆಕ್ಕದಲ್ಲಿ ಇಬ್ಬರಿಗೂ ಬರುತ್ತದೆ, ಆದರೆ ಪಾಲಾಗಿ ಅಲ್ಲ, ಅವರವರ ಭಾವಕ್ಕೆ ತಕ್ಕಂತೆ ಅವರವರದು. ಕ್ರೀಡಾ ಅಂಕಿಅಂಶಗಳಿಗಿಂತ ಈ ಲೆಕ್ಕವೇ ಆಟಕ್ಕೆ ಹತ್ತಿರವಾಗಿದೆ.

ಮೇಲುಕೋಟೆಯಲ್ಲಿ ಬಹುಕಾಲ ನೆಲೆಸಿದ್ದರೆಂದು ಪರಂಪರೆ ಹೇಳುವ ರಾಮಾನುಜರು ಇದೇ ಸಮಸ್ಯೆಯನ್ನು ಬೇರೊಂದು ಕಡೆಯಿಂದ ನೋಡಿದರು. ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮಕ್ಕೆ ಐದು ಕಾರಣ ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಐದನೆಯದಾಗಿ ದೈವ. ದೈವವೆಂದರೆ ಒಳಗಿದ್ದು ನಡೆಸುವ ಪರಮಾತ್ಮನೆಂದು ರಾಮಾನುಜರ ಅರ್ಥ. ಆಗ ಒಂದು ಆಕ್ಷೇಪ ಏಳುತ್ತದೆ. ನಡೆಸುವವನು ಅವನಾದರೆ ಮನುಷ್ಯನಿಗೆ ವಿಧಿ ನಿಷೇಧ ಹೇಳುವುದರಲ್ಲಿ ಏನರ್ಥ? ಅದಕ್ಕೆ ಅವರು ಕೊಡುವ ಹೋಲಿಕೆ ಬಂಡೆಯದ್ದು. ಭಾರವಾದ ಬಂಡೆಯನ್ನೋ ಮರವನ್ನೋ ಹಲವರು ಕೂಡಿ ಅಲುಗಿಸುತ್ತಾರೆ. ಯಾರೊಬ್ಬನಿಂದಲೂ ಆಗದ ಕೆಲಸ ಅದು. ಆದರೂ ಕೈ ಹಾಕಿದ ಪ್ರತಿಯೊಬ್ಬನೂ ಕಾರಣನೇ, ಪ್ರತಿಯೊಬ್ಬನಿಗೂ ಮಾಡು, ಮಾಡಬೇಡ ಎಂಬ ಮಾತು ಅನ್ವಯಿಸುತ್ತದೆ. ಕೂಡಿ ಮಾಡಿದೆವೆಂಬುದು ಹೊಣೆಯನ್ನು ತೆಳುವಾಗಿಸುವುದಿಲ್ಲ.

ಅವರ ಇನ್ನೊಂದು ಹೋಲಿಕೆ ಶ್ರೀಭಾಷ್ಯದಲ್ಲಿದೆ. ಇಬ್ಬರಿಗೆ ಸೇರಿದ ಹಣವನ್ನು ಅವರಲ್ಲೊಬ್ಬ ಮೂರನೆಯವನಿಗೆ ಕೊಡಬೇಕಾದರೆ ಇನ್ನೊಬ್ಬನ ಅನುಮತಿ ಬೇಕು. ಅನುಮತಿ ಸಿಕ್ಕಿ ಕೊಟ್ಟ ಮೇಲೆ ಆ ಕೊಡುಗೆಯ ಫಲ ಕೊಟ್ಟವನಿಗೇ ಸೇರುತ್ತದೆ, ಏಕೆಂದರೆ ಕೆಲಸ ಅವನದು, ಇನ್ನೊಬ್ಬನದು ಒಪ್ಪಿಗೆ ಮಾತ್ರ. ಜೀವ ಮತ್ತು ಈಶ್ವರನ ಸಂಬಂಧವನ್ನು ತಿಳಿಸಲು ತಂದ ಹೋಲಿಕೆ ಇದು. ಆದರೆ 2023ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್‌ನ ಆರ್ಥರ್ ಆ್ಯಷ್ ಅಂಗಳದಲ್ಲಿ ನಡೆದದ್ದಕ್ಕೂ ಇದು ಕನ್ನಡಿ ಹಿಡಿಯುತ್ತದೆ.

ಅದು ಅಮೆರಿಕನ್ ಓಪನ್ ಪುರುಷರ ಡಬಲ್ಸ್ ಫೈನಲ್. ಬೋಪಣ್ಣ ಮತ್ತು ಎಬ್ಡೆನ್ ಎದುರು ಅಮೆರಿಕದ ರಾಜೀವ್ ರಾಮ್ ಮತ್ತು ಬ್ರಿಟನ್ನಿನ ಜೋ ಸಾಲಿಸ್‌ಬರಿ. ಆ ಜೋಡಿ ಹಿಂದಿನ ಎರಡು ವರ್ಷವೂ ಅಲ್ಲಿ ಗೆದ್ದಿತ್ತು. ಒಂದು ಪಾಯಿಂಟ್‌ನಲ್ಲಿ ಚೆಂಡು ಬೋಪಣ್ಣನ ತೋಳನ್ನು ಸವರಿ ಆಚೆ ಹೋಯಿತು. ಚೆಂಡು ಆಟಗಾರನ ದೇಹಕ್ಕೆ ತಾಗಿದರೆ ಪಾಯಿಂಟ್ ಎದುರಾಳಿಯದೆಂಬುದು ನಿಯಮ. ಅಂಪೈರ್ ಅದನ್ನು ಗಮನಿಸಿರಲಿಲ್ಲ. ಬೋಪಣ್ಣ ತಾನೇ ಹೋಗಿ ಹೇಳಿದರು. ಪಾಯಿಂಟ್ ಎದುರಾಳಿಗೆ ಹೋಯಿತು. ಕೊನೆಗೆ ಪಂದ್ಯವೂ ಎದುರಾಳಿಯದೇ ಆಯಿತು, 2-6, 6-3, 6-4.

ಒಬ್ಬೊಬ್ಬರೇ ಆಡುವಾಗ ಇಂಥ ನಡತೆಯನ್ನು ಹೊಗಳಲು ಯಾರೂ ಯೋಚಿಸಬೇಕಿಲ್ಲ. ತನ್ನದನ್ನು ತಾನು ಬಿಟ್ಟುಕೊಟ್ಟ, ಅಷ್ಟೆ. ಡಬಲ್ಸ್‌ನಲ್ಲಿ ಪ್ರಶ್ನೆ ಗಡುಸಾಗುತ್ತದೆ. ಆ ಪಾಯಿಂಟ್ ಇಬ್ಬರದು. ಜೊತೆಗಾರನನ್ನು ಕೇಳದೆ ಅದನ್ನು ಬಿಟ್ಟುಕೊಡಲು ಒಬ್ಬನಿಗೆ ಅಧಿಕಾರವುಂಟೇ? ರಾಮಾನುಜರ ಹೋಲಿಕೆಯನ್ನು ಹಾಗೆಯೇ ಹಚ್ಚಿದರೆ ಅಧಿಕಾರವಿಲ್ಲ. ಸಾಮಾನ್ಯ ಧನವನ್ನು ದಾನ ಮಾಡಲು ಇಬ್ಬರ ಒಪ್ಪಿಗೆಯೂ ಬೇಕು. ಮನೆಮಂದಿಯ ಹಣವನ್ನು ಹೇಳದೆ ಕೇಳದೆ ದಾನ ಮಾಡಿ ಹೆಸರು ಗಳಿಸಿದವನನ್ನು ಯಾವ ಮನೆಯೂ ಮೆಚ್ಚುವುದಿಲ್ಲ. ತನ್ನ ಪುಣ್ಯಕ್ಕೆ ಇನ್ನೊಬ್ಬನ ಪಾಲನ್ನು ತೆತ್ತಂತಾಗುತ್ತದೆ ಅದು.

ಆದರೆ ಈ ಆಕ್ಷೇಪ ಒಂದು ಸಂಗತಿಯನ್ನು ಕಡೆಗಣಿಸುತ್ತದೆ. ದಾನ ಕೊಡಬೇಕಾದರೆ ಮೊದಲು ವಸ್ತು ಕೊಡುವವರದಾಗಿರಬೇಕು. ಚೆಂಡು ತೋಳಿಗೆ ತಾಗಿದ ಕ್ಷಣದಲ್ಲೇ ಆ ಪಾಯಿಂಟ್ ನಿಯಮದ ಪ್ರಕಾರ ಕಳೆದಿತ್ತು. ಅದು ಇಬ್ಬರ ಸಾಮಾನ್ಯ ಧನವಾಗಲೇ ಇಲ್ಲ. ಬೋಪಣ್ಣ ಬಿಟ್ಟುಕೊಟ್ಟದ್ದು ಏನೂ ಇಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದರು ಅಷ್ಟೆ. ಔದಾರ್ಯಕ್ಕೆ ಜೊತೆಗಾರನ ಅನುಮತಿ ಬೇಕಾದೀತು, ಸತ್ಯಕ್ಕೆ ಬೇಡ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ ಇದ್ದಲ್ಲಿಗೇ ಸುರಿದುಬರಲು ಕಳಿಸಿದ ಪ್ರಸಂಗ ಕನ್ನಡಿಗರಿಗೆ ಗೊತ್ತು. ಅಲ್ಲಿಯೂ ಲಕ್ಕಮ್ಮ ಮನೆಯ ಅಕ್ಕಿಯನ್ನು ದಾನ ಮಾಡಲಿಲ್ಲ. ಅದು ಮನೆಯ ಅಕ್ಕಿಯೇ ಅಲ್ಲವೆಂದಳು. ಗಂಡನನ್ನು ಒಪ್ಪಿಸಿ ಹೇಳಬೇಕಾದ ಮಾತಲ್ಲ ಅದು. ಜೋಡಿಯಲ್ಲಿ ಒಬ್ಬರ ಕಣ್ಣು ತಪ್ಪಿದಾಗ ಇನ್ನೊಬ್ಬರ ಕಣ್ಣು ಎಚ್ಚರವಾಗಿರುವುದೇ ಜೊತೆಗಾರಿಕೆಯ ಕೆಲಸವೆಂದು ಆ ದಂಪತಿಯ ಕಥೆ ತೋರಿಸುತ್ತದೆ. ನ್ಯೂಯಾರ್ಕ್‌ನಲ್ಲಿ ಅದಕ್ಕೆ ಅವಕಾಶವೇ ಬರಲಿಲ್ಲ, ತಾಗಿದ್ದು ತಾಗಿಸಿಕೊಂಡವನಿಗೆ ಮಾತ್ರ ಗೊತ್ತಿತ್ತು. ಆ ತಿಳಿವು ಒಬ್ಬನದೇ ಆದ್ದರಿಂದ ಹೇಳುವ ಹೊಣೆಯೂ ಒಬ್ಬನದೇ. ಹೊಡೆತದಂತೆ ಸತ್ಯವನ್ನೂ ಇಬ್ಬರು ಒಟ್ಟಿಗೆ ಮುಟ್ಟಲಾಗದು.

ಅದರ ಫಲವನ್ನಾದರೋ ಎಬ್ಡೆನ್ ಕೂಡ ಉಂಡರು. ಸೋಲಿನಲ್ಲಿ ಅರ್ಧ, ಒಳ್ಳೆಯ ಹೆಸರಿನಲ್ಲಿ ಬಹುಶಃ ಏನೂ ಇಲ್ಲ. ಸತ್ರದ ಲೆಕ್ಕ ಇಲ್ಲಿ ಕೈಕೊಡುತ್ತದೆ. ಜೋಡಿಯ ಗೆಲುವು ಇಡಿಯಾಗಿ ಇಬ್ಬರಿಗೂ ಸಲ್ಲುತ್ತದೆ, ಜೋಡಿಯೊಳಗೊಬ್ಬನ ಸತ್ಯ ಅವನಿಗೆ ಮಾತ್ರ ಸಲ್ಲುತ್ತದೆ, ಅದರ ಬೆಲೆಯನ್ನು ಇಬ್ಬರೂ ತೆರುತ್ತಾರೆ. ಇದು ಅನ್ಯಾಯವೆಂದು ಹೇಳಬಹುದು. ಆದರೆ ಜೋಡಿ ಕಟ್ಟಿಕೊಳ್ಳುವುದೆಂದರೆ ಇನ್ನೊಬ್ಬನ ಹೊಡೆತವನ್ನಷ್ಟೇ ಅಲ್ಲ, ಅವನ ಸ್ವಭಾವವನ್ನೂ ಮೊದಲೇ ಒಪ್ಪಿಕೊಂಡಂತೆ. ಜೈನರ ‘ಒಪ್ಪಿದ್ದು’ ಎಂಬ ಮೂರನೆಯ ಬಗೆ ಪಾಪಕ್ಕೆ ಹೇಗೋ ಪುಣ್ಯಕ್ಕೂ ಹಾಗೆಯೇ ಅನ್ವಯಿಸುವುದರಿಂದ, ಆ ದಿನ ತಕರಾರೆತ್ತದೆ ಆಟ ಮುಂದುವರಿಸಿದವನ ಖಾತೆಯೂ ಬರಿದಾಗಿಯೇನೂ ಇರಲಿಲ್ಲ.

ಐದನೆಯ ಕಾರಣವಾದ ದೈವದ ಬಗ್ಗೆ ಟೆನಿಸ್ ಹೆಚ್ಚು ಮಾತಾಡುವುದಿಲ್ಲ. ಚೆಂಡು ನೆಟ್ ಮೇಲಂಚಿಗೆ ತಾಗಿ ಯಾವ ಕಡೆ ಬೀಳುತ್ತದೆಂಬುದು ಯಾರ ಕೈಯಲ್ಲೂ ಇಲ್ಲ; ಅದು ತನ್ನ ಪರವಾಗಿ ಬಿದ್ದಾಗ ಆಟಗಾರ ಎದುರಾಳಿಗೆ ಕೈಯೆತ್ತಿ ಕ್ಷಮೆ ಕೇಳುವ ರೂಢಿಯಿದೆ. ತಾನು ಮಾಡದ್ದಕ್ಕೆ ಕೇಳುವ ಕ್ಷಮೆ ಅದು. ಶ್ರೀವೈಷ್ಣವರಲ್ಲಿ ಕೃಪೆಯ ಬಗ್ಗೆ ನಡೆದ ವಾದವೂ ಇಲ್ಲಿ ನೆನಪಿಗೆ ಬರುವಂಥದ್ದು. ಮಂಗನ ಮರಿ ತಾಯಿಯನ್ನು ತಾನೇ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ವಡಗಲೆಯವರು ಮೊದಲನೆಯದನ್ನು, ತೆಂಗಲೆಯವರು ಎರಡನೆಯದನ್ನು ಹಿಡಿದರು. ಡಬಲ್ಸ್‌ನಲ್ಲಿ ಪ್ರತಿ ಆಟಗಾರನೂ ಒಂದು ಪಂದ್ಯದೊಳಗೇ ಹಲವು ಸಲ ಮಂಗನ ಮರಿಯಾಗಿ, ಹಲವು ಸಲ ಬೆಕ್ಕಿನ ಮರಿಯಾಗಿ ಬದಲಾಗುತ್ತಾನೆ. ತನ್ನ ಸರ್ವ್ ಕುಸಿದ ದಿನ ಜೊತೆಗಾರ ಕಚ್ಚಿ ಒಯ್ಯುತ್ತಾನೆ. ಯಾವ ಮರಿ ತಾನೆಂದು ಮೊದಲೇ ನಿರ್ಧರಿಸಿಕೊಂಡು ಅಂಗಳಕ್ಕಿಳಿದವನು ಒಳ್ಳೆಯ ಜೊತೆಗಾರನಾಗಲಾರ.

ಜೋಡಿಗಳ ಆಯುಷ್ಯ ಚಿಕ್ಕದು. ಬೋಪಣ್ಣ ಪುರುಷರ ಡಬಲ್ಸ್‌ನಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದದ್ದು 61ನೆಯ ಪ್ರಯತ್ನದಲ್ಲಿ, ಅಷ್ಟರೊಳಗೆ ಜೊತೆಗಾರರ ಸಂಖ್ಯೆ 19. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ 2010ರ ಅಮೆರಿಕನ್ ಓಪನ್ ಫೈನಲ್ ಆಡಿ ಬ್ರಯಾನ್ ಸಹೋದರರಿಗೆ ಸೋತಾಗ, ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶಗಳ ರಾಯಭಾರಿಗಳು ಒಟ್ಟಿಗೆ ಕೂತು ಪಂದ್ಯ ನೋಡಿದ್ದರು. ಅಪೇಕ್ಷಾಬುದ್ಧಿ ಎರಡು ಹಣ್ಣುಗಳನ್ನಷ್ಟೇ ಅಲ್ಲ, ಇನ್ನೂ ದೊಡ್ಡ ವಸ್ತುಗಳನ್ನೂ ಕೆಲವು ತಾಸುಗಳ ಮಟ್ಟಿಗೆ ಕೂಡಿಸಬಲ್ಲದೆಂಬುದಕ್ಕೆ ಅದು ಸಾಕ್ಷಿ. ಕೂಡಿಸುವ ಬುದ್ಧಿ ಕೆಟ್ಟರೆ ಏನಾಗುತ್ತದೆಂಬುದಕ್ಕೂ ಸಾಕ್ಷಿ ಉಂಟು. ಮಹೇಶ್ ಭೂಪತಿ ಮತ್ತು ಲಿಯಾಂಡರ್ ಪೇಸ್ 1999ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲ್ಯಾಮ್‌ಗಳ ಫೈನಲ್ ತಲುಪಿ ಎರಡನ್ನು ಗೆದ್ದವರು. ಅದೇ ಇಬ್ಬರು 2012ರ ಲಂಡನ್ ಒಲಿಂಪಿಕ್ಸ್‌ಗೆ ಒಂದೇ ನೊಗಕ್ಕೆ ಕೊರಳು ಕೊಡಲಾಗದೆ ಬೇರೆ ಬೇರೆ ಜೋಡಿಗಳಲ್ಲಿ ಆಡಿದರು. ಕೈಚಳಕ ಹಾಗೆಯೇ ಇತ್ತು, ಎರಡುತನ ಅಳಿದಿತ್ತು.

ಬೋಪಣ್ಣ ಮತ್ತು ಎಬ್ಡೆನ್ ಜೋಡಿಯೂ 2024ರ ಕೊನೆಗೆ ಮುಗಿಯಿತು. ಆ ವರ್ಷದ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ದೇಶ ಬೇರೆಯಾದ್ದರಿಂದ, ಇಬ್ಬರೂ ಬೇರೆ ಜೊತೆಗಾರರೊಡನೆ ಆಡಬೇಕಾಯಿತು. ಬೋಪಣ್ಣ ಎನ್. ಶ್ರೀರಾಮ್ ಬಾಲಾಜಿ ಜೊತೆ ಮೊದಲ ಸುತ್ತಿನಲ್ಲೇ ಸೋತರು. ಎಬ್ಡೆನ್ ಜಾನ್ ಪೀರ್ಸ್ ಜೊತೆ ಚಿನ್ನ ಗೆದ್ದರು. 2025ರ ನವೆಂಬರ್ 1ರಂದು ಬೋಪಣ್ಣ ನಿವೃತ್ತಿ ಘೋಷಿಸಿದರು. ಕೊನೆಯದಾಗಿ ಆಡಿದ್ದು ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ, ಕಜಾಕಿಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ಜೊತೆ. ಮೆಲ್ಬರ್ನ್‌ನ 2,000 ಅಂಕ 52 ವಾರ ಕಳೆದ ಕೂಡಲೇ ಇಬ್ಬರ ಖಾತೆಯಿಂದಲೂ ಇಳಿದುಹೋಗಿತ್ತು. ಗೆದ್ದವರ ಪಟ್ಟಿಯಲ್ಲಿ 2024ರ ಸಾಲಿನಲ್ಲಿ ಮಾತ್ರ ಎರಡು ಹೆಸರುಗಳು ಒಟ್ಟಿಗೇ ಇವೆ.